ಮೋಟಾರಿನ ತಂಪುನೀರು ಕಲುಷಿತವಾದಾಗ

ಮೋಟಾರು ಕಾರಿನ ಎಂಜಿನ್ನು ಚಲನೆಯನ್ನು ಉತ್ಪಾದಿಸುವ ಯಂತ್ರವೆಂದು ನಾವೆಲ್ಲರೂ ಭಾವಿಸುತ್ತೇವೆ. ಲೆಕ್ಕ ಹಾಕಿ ನೋಡಿದರೆ ಅದು ಮುಖ್ಯವಾಗಿ ಶಾಖವನ್ನು ಉತ್ಪಾದಿಸುವ ಯಂತ್ರ. ಚಲನೆಯು ಆ ಶಾಖದ ಒಂದು ಅಂಶದಿಂದ ದೊರೆಯುವ ಫಲ. ಒಂದು ಲೀಟರು ಪೆಟ್ರೋಲು ಉರಿದಾಗ ಸುಮಾರು ೩೨೦ ಲಕ್ಷ ಜೌಲುಗಳಷ್ಟು ಶಕ್ತಿ ಬಿಡುಗಡೆಯಾಗುವುದು. ಇದರಲ್ಲಿ ಸ್ಥೂಲವಾಗಿ ಮೂರನೆಯ ಒಂದು ಪಾಲು, ಅನೇಕ ವೇಳೆ ಅದಕ್ಕಿಂತಲೂ ಕಡಿಮೆ, ಚಕ್ರಗಳನ್ನು ತಿರುಗಿಸುವ ಕೆಲಸಕ್ಕೆ ಒದಗುವುದು. ಇನ್ನೊಂದು ಪಾಲು ಹೊಗೆಯೊಡನೆ ಹೊರಗೆ ಹೋಗುವುದು. ಉಳಿದ ಪಾಲು ಎಂಜಿನ್ನಿನ ಲೋಹದ ಗೋಡೆಗಳನ್ನು ಸೇರುವುದು. ಅಲ್ಲಿಂದ ಅದನ್ನು ಹೊತ್ತು ಹೊರಗೆ ಹಾಕದಿದ್ದರೆ ಕೆಲವೇ ನಿಮಿಷಗಳಲ್ಲಿ ಎಂಜಿನ್ನು ಕೆಟ್ಟು ನಿಲ್ಲುವುದು.

ಈ ಪಾಲು ಎಷ್ಟೆಂಬುದನ್ನು ಮನಗಾಣಲು ಒಂದು ಸಣ್ಣ ಗುಣಾಕಾರ ಸಾಕು. ೨೫ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿರುವ ಸುಮಾರು ೩೪ ಲೀಟರು ನೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಶಾಖ ಬೇಕು. ಅಂದರೆ ಕಾರು ಒಂದೊಂದು ಲೀಟರು ಪೆಟ್ರೋಲನ್ನು ಸುಟ್ಟಾಗಲೂ ಬಚ್ಚಲಮನೆಯ ಒಂದು ಹಂಡೆಯ ನೀರನ್ನು ಕುದಿಸುವಷ್ಟು ಶಾಖವನ್ನು ಹೊರಗೆ ಸಾಗಿಸಬೇಕು. ಈ ಭಾರವನ್ನು ಹೊರುವುದು ಐದಾರು ಲೀಟರುಗಳಷ್ಟು ದ್ರವ. ಗ್ಯಾರೇಜುಗಳಲ್ಲಿ ಇದನ್ನು ಕೂಲೆಂಟ್ ಎನ್ನುವರು. ಈ ಲೇಖನದಲ್ಲಿ ನಾವು ಶೀತಕ ಎಂದು ಕರೆಯೋಣ.

ಶೀತಕವು ನಿರ್ಮಲವಾಗಿರುವವರೆಗೆ ಅದರ ನೆನಪೇ ನಮಗೆ ಬರುವುದಿಲ್ಲ. ಅದು ಕೆಂಪಾಗಿಯೋ ಕೆಸರಾಗಿಯೋ ಕಂಡಾಗ ಬಹುಮಂದಿ ಮಾಡುವ ಕೆಲಸವೆಂದರೆ, ಅದನ್ನು ಬಸಿದು ಚೆಲ್ಲಿ ಬೇರೆ ನೀರು ತುಂಬುವುದು. ಇದು ಜ್ವರ ಬಂದವನಿಗೆ ತಣ್ಣೀರು ಬಟ್ಟೆ ಹಾಕಿ ಕಾರಣವನ್ನು ವಿಚಾರಿಸದೆ ಬಿಡುವಂತೆ. ಕಲುಷಿತವಾದ ಶೀತಕದಲ್ಲಿ ಎಂಜಿನ್ನಿನ ಒಳಗೆ ಯಾವ ಗೋಡೆ ಕೆಟ್ಟಿದೆಯೆಂಬುದಕ್ಕೆ ಸಾಕ್ಷ್ಯವಿರುತ್ತದೆ. ಆ ಸಾಕ್ಷ್ಯವನ್ನು ಪರೀಕ್ಷಿಸುವ ಬಗೆ, ಆಮೇಲೆ ವ್ಯವಸ್ಥೆಯನ್ನು ತೊಳೆಯುವ ಬಗೆ, ಇವೆರಡನ್ನೂ ಭೌತವಿಜ್ಞಾನದ ದೃಷ್ಟಿಯಿಂದ ಇಲ್ಲಿ ವಿಚಾರಮಾಡೋಣ.

ಒಂದೇ ನೀರಿನ ಪ್ರದಕ್ಷಿಣೆ

೧೮೮೬ರಲ್ಲಿ ಜರ್ಮನಿಯ ಕಾರ್ಲ್ ಬೆಂಜ್ ನಿರ್ಮಿಸಿದ ಮೋಟಾರು ಗಾಡಿಯಲ್ಲಿ ಇಂದಿನ ರೇಡಿಯೇಟರು ಇರಲಿಲ್ಲ. ಸಿಲಿಂಡರಿನ ಸುತ್ತಲಿನ ನೀರು ಕುದಿದು ಆವಿಯಾಗಿ ಹೋಗುತ್ತಿತ್ತು. ಹೋದಷ್ಟನ್ನು ಮತ್ತೆ ಸುರಿಯಬೇಕಾಗಿತ್ತು. ೧೮೮೮ರಲ್ಲಿ ಆತನ ಪತ್ನಿ ಬರ್ಥಾ ಬೆಂಜ್ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಗಾಡಿಯನ್ನು ನಡೆಸಿಕೊಂಡು ಹೋದಾಗ ದಾರಿಯಲ್ಲಿ ಸಿಕ್ಕಿದೆಡೆಯಲ್ಲೆಲ್ಲ ನೀರು ತುಂಬಿಸಿಕೊಂಡೇ ಮುಂದುವರಿಯಬೇಕಾಯಿತು. ೧೯೦೦–೦೧ರಲ್ಲಿ ವಿಲ್‌ಹೆಲ್ಮ್ ಮೇಬಾಕ್ ಮರ್ಸಿಡಿಸ್ ಗಾಡಿಗೆಂದು ೮,೦೭೦ ಪುಟ್ಟ ನಳಿಗೆಗಳನ್ನು ಜೇನುಹುಟ್ಟಿನಂತೆ ಜೋಡಿಸಿದ ರೇಡಿಯೇಟರನ್ನು ರಚಿಸಿದನು. ಗಾಳಿಗೆ ತೆರೆದಿರುವ ಮೇಲ್ಮೈ ಹೆಚ್ಚಿದುದರಿಂದ ನೀರನ್ನು ಕುದಿಸಿ ಕಳೆಯದೆಯೇ ತಂಪುಮಾಡುವುದು ಸಾಧ್ಯವಾಯಿತು.

ಅಂದಿನಿಂದ ಇಂದಿನವರೆಗೆ ಮೂಲತತ್ತ್ವ ಬದಲಾಗಿಲ್ಲ. ಸಿಲಿಂಡರುಗಳ ಸುತ್ತಲಿನ ಟೊಳ್ಳುಗೋಡೆಗಳಲ್ಲಿ ಪಂಪು ಶೀತಕವನ್ನು ನೂಕುವುದು. ಅಲ್ಲಿ ಕಾದ ಶೀತಕವು ರಬ್ಬರಿನ ಹೋಸ್ ಪೈಪಿನ ಮೂಲಕ ರೇಡಿಯೇಟರಿಗೆ ಬಂದು, ತೆಳುವಾದ ನಳಿಗೆಗಳಲ್ಲಿ ಹರಿದು, ಗಾಳಿಗೆ ತನ್ನ ಶಾಖವನ್ನು ಒಪ್ಪಿಸಿ, ಮತ್ತೆ ಎಂಜಿನ್ನಿಗೆ ಮರಳುವುದು. ಎಂಜಿನ್ನು ತಣ್ಣಗಿರುವಾಗ ಈ ದಾರಿಯನ್ನು ಥರ್ಮೋಸ್ಟಾಟ್ ಎಂಬ ಕವಾಟ ಮುಚ್ಚಿರುವುದು. ಅದು ಸಾಮಾನ್ಯವಾಗಿ ೮೨ರಿಂದ ೯೦ ಡಿಗ್ರಿಗಳ ನಡುವೆ ತೆರೆದುಕೊಳ್ಳುವುದು. ಸ್ಪ್ರಿಂಗು ಕಟ್ಟಿದ ಮುಚ್ಚಳವು ಒಳಗಿನ ಒತ್ತಡವನ್ನು ಹೊರಗಿನ ವಾಯುಭಾರಕ್ಕಿಂತ ಸುಮಾರು ಒಂದು ವಾಯುಭಾರದಷ್ಟು ಹೆಚ್ಚಾಗಿ ಕಾಯ್ದುಕೊಳ್ಳುವುದು. ಒತ್ತಡ ಹೆಚ್ಚಿದರೆ ಕುದಿಬಿಂದು ಏರುವುದೆಂಬುದನ್ನು ವಿದ್ಯಾರ್ಥಿಗಳು ತರಗತಿಯಲ್ಲಿ ಕಲಿತಿದ್ದಾರೆ. ಈ ಒತ್ತಡದಲ್ಲಿ ಬರಿಯ ನೀರು ಕೂಡ ಸುಮಾರು ೧೨೦ ಡಿಗ್ರಿಯವರೆಗೆ ಕುದಿಯದು. ಸಮಪಾಲು ಎಥಿಲೀನ್ ಗ್ಲೈಕಾಲ್ ಬೆರೆಸಿದರೆ ಕುದಿಬಿಂದು ಇನ್ನೂ ಏಳೆಂಟು ಡಿಗ್ರಿ ಮೇಲಕ್ಕೆ ಹೋಗುವುದು. ಆ ಮಿಶ್ರಣ ಶೂನ್ಯಕ್ಕಿಂತ ಸುಮಾರು ೩೭ ಡಿಗ್ರಿ ಕೆಳಗಿನವರೆಗೂ ಹೆಪ್ಪುಗಟ್ಟದು. ನಮ್ಮ ಸೀಮೆಯಲ್ಲಿ ಈ ಎರಡನೆಯ ಗುಣಕ್ಕೆ ಕೆಲಸವಿಲ್ಲ. ಆದರೆ ಗ್ಲೈಕಾಲಿನೊಡನೆ ಬೆರೆಸಿರುವ ತುಕ್ಕುನಿರೋಧಕ ಲವಣಗಳು ಎಲ್ಲ ಸೀಮೆಗಳಿಗೂ ಬೇಕು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಬೆಂಜನ ಗಾಡಿಯಲ್ಲಿ ನೀರು ಬಂದು ಹೋಗುತ್ತಿತ್ತು. ಇಂದಿನ ಗಾಡಿಯಲ್ಲಿ ಅದೇ ಶೀತಕ ವರ್ಷಗಟ್ಟಲೆ ಪ್ರದಕ್ಷಿಣೆ ಹಾಕುತ್ತಿರುತ್ತದೆ. ಆದುದರಿಂದ ಒಳಗೆ ಸೇರಿದ ಕಲ್ಮಷವು ಅಲ್ಲಿಯೇ ಉಳಿಯುವುದು, ಸುತ್ತುಸುತ್ತಿಗೂ ಎಲ್ಲ ಭಾಗಗಳನ್ನೂ ಮುಟ್ಟಿ ಬರುವುದು.

ತೆಳ್ಳನೆಯ ಪೊರೆಯ ಅಪಾಯ

ಬಯಲುಸೀಮೆಯ ಮನೆಗಳಲ್ಲಿ ಕೊಳವೆಬಾವಿಯ ನೀರು ಕಾಯಿಸುವ ಹಂಡೆಯ ಒಳಮೈಯನ್ನು ಉಗುರಿನಿಂದ ಕೆರೆದು ನೋಡಿದವರಿಗೆ ಸುಣ್ಣದ ಪೊರೆಯ ಪರಿಚಯವುಂಟು. ಗಡಸುನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟು ಕಾದಾಗ ಒಡೆದು, ಇಂಗಾಲದ ಡೈಆಕ್ಸೈಡು ಹೊರಟುಹೋಗಿ, ಕರಗದ ಕ್ಯಾಲ್ಸಿಯಂ ಕಾರ್ಬೊನೇಟು ಉಳಿಯುವುದು. ಈ ಕ್ರಿಯೆ ಎಲ್ಲಿ ಶಾಖ ಹೆಚ್ಚೋ ಅಲ್ಲಿಯೇ ಹೆಚ್ಚು. ಆದುದರಿಂದ ಎಂಜಿನ್ನಿನಲ್ಲಿ ಪೊರೆ ಕಟ್ಟುವುದು ಅತಿ ಬಿಸಿಯಾದ ಗೋಡೆಯ ಮೇಲೆ, ಅಂದರೆ ಅದು ಎಲ್ಲಿ ಇರಬಾರದೋ ಅಲ್ಲಿ.

ಈ ಪೊರೆಯ ಉಷ್ಣವಾಹಕತೆಯು ಎಂಜಿನ್ನಿನ ಬೀಡುಕಬ್ಬಿಣದ ಉಷ್ಣವಾಹಕತೆಯ ಇಪ್ಪತ್ತೈದನೆಯ ಒಂದು ಪಾಲಿಗಿಂತಲೂ ಕಡಿಮೆ. ಗೋಡೆಯ ಪ್ರತಿ ಚದರ ಸೆಂಟಿಮೀಟರಿನ ಮೂಲಕ ೨೦ ವಾಟ್ ಶಾಖ ಹರಿಯುತ್ತಿದೆಯೆಂದು ಇಟ್ಟುಕೊಳ್ಳೋಣ. ಅರ್ಧ ಮಿಲಿಮೀಟರು ದಪ್ಪದ ಬೀಡಿನ ಎರಡು ಮುಖಗಳ ನಡುವೆ ಉಷ್ಣತೆಯ ವ್ಯತ್ಯಾಸ ಸುಮಾರು ೨ ಡಿಗ್ರಿ. ಅಷ್ಟೇ ದಪ್ಪದ ಸುಣ್ಣದ ಪೊರೆಯಲ್ಲಾದರೆ ಅದು ಸುಮಾರು ೬೫ ಡಿಗ್ರಿ. ಅಂದರೆ ಶೀತಕದ ಉಷ್ಣತೆ ಮೊದಲಿನಷ್ಟೇ ಇದ್ದರೂ ಪೊರೆಯ ಹಿಂದಿನ ಲೋಹ ೬೫ ಡಿಗ್ರಿ ಹೆಚ್ಚು ಕಾದಿರುವುದು. ಎಣ್ಣೆಯ ಲೇಪವಂತೂ ಇನ್ನೂ ಕೆಟ್ಟದ್ದು. ಎಣ್ಣೆಯ ಉಷ್ಣವಾಹಕತೆ ಬೀಡಿನದಕ್ಕಿಂತ ಮುನ್ನೂರು ಪಾಲಿಗೂ ಮಿಕ್ಕಿ ಕಡಿಮೆಯಾದುದರಿಂದ, ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಎಣ್ಣೆಯು ಮೂರು ಸೆಂಟಿಮೀಟರಿಗಿಂತ ದಪ್ಪದ ಬೀಡಿನ ಗೋಡೆಯಷ್ಟು ಶಾಖವನ್ನು ತಡೆಯುವುದು.

ಚಾಲಕನ ಮುಂದಿರುವ ಉಷ್ಣತೆಯ ಮುಳ್ಳು ಅಳೆಯುವುದು ಶೀತಕವನ್ನು, ಲೋಹವನ್ನಲ್ಲ. ಲೋಹ ಕಾಯುತ್ತಿರುವಾಗಲೂ ಮುಳ್ಳು ಮಧ್ಯದಲ್ಲಿಯೇ ನಿಂತಿರಬಹುದು. ಶೀತಕವೆಲ್ಲ ಸೋರಿ ಹೋಗಿ ಅಳತೆಯ ಬಿಂದು ಬರಿಯ ಆವಿಯಲ್ಲಿ ಉಳಿದರೆ ಮುಳ್ಳು ಕೆಳಗೆ ಇಳಿಯುವುದೂ ಉಂಟು! ಚಾರ್ಮಾಡಿ, ಆಗುಂಬೆಗಳಂಥ ಘಾಟಿಗಳ ಏರಿನಲ್ಲಿ ಈ ದೋಷಗಳು ಒಮ್ಮೆಗೇ ಬಯಲಾಗುತ್ತವೆ. ಅಲ್ಲಿ ಎಂಜಿನ್ನಿನ ಶ್ರಮ ಹೆಚ್ಚು, ಗಾಡಿಯ ವೇಗ ಕಡಿಮೆ. ಆದುದರಿಂದ ಶಾಖ ಹೆಚ್ಚು, ರೇಡಿಯೇಟರಿಗೆ ಬೀಸುವ ಗಾಳಿ ಕಡಿಮೆ. ಬಯಲಿನಲ್ಲಿ ಹೇಗೋ ನಡೆಯುತ್ತಿದ್ದ ಗಾಡಿ ತಿರುವಿನಲ್ಲಿ ಆವಿಯುಗುಳುತ್ತ ನಿಲ್ಲುವುದು. ಬಾಡಿಗೆಯ ಕಾರಿನಿಂದಲೇ ಸಂಸಾರ ಸಾಗಿಸುವ ಚಾಲಕನಿಗೆ ಸಿಲಿಂಡರಿನ ತಲೆ ಸೊಟ್ಟಗಾದರೆ ಒದಗುವ ನಷ್ಟ ಸಣ್ಣದಲ್ಲ.

ಮುಚ್ಚಳ ತೆಗೆಯುವ ಮುನ್ನ

ಪರೀಕ್ಷೆಯನ್ನು ಪ್ರಾರಂಭಿಸುವ ಮೊದಲು ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಎಂಜಿನ್ನು ಬಿಸಿಯಾಗಿರುವಾಗ ರೇಡಿಯೇಟರಿನ ಮುಚ್ಚಳವನ್ನು ತೆಗೆಯಕೂಡದು. ಒಳಗೆ ೬ ಲೀಟರು ನೀರು ಒತ್ತಡದಿಂದಾಗಿ ೧೨೦ ಡಿಗ್ರಿಯಲ್ಲಿಯೂ ಕುದಿಯದೆ ಇದೆಯೆನ್ನೋಣ. ಮುಚ್ಚಳ ತೆರೆದ ಕ್ಷಣದಲ್ಲಿ ಕುದಿಬಿಂದು ೧೦೦ ಡಿಗ್ರಿಗೆ ಇಳಿಯುವುದು. ಹೆಚ್ಚಿಗೆ ಉಳಿದ ೨೦ ಡಿಗ್ರಿಯ ಶಾಖವು ಸುಮಾರು ೨೨೦ ಗ್ರಾಂ ನೀರನ್ನು ಒಮ್ಮೆಲೆ ಆವಿಯಾಗಿಸುವುದು. ಅಷ್ಟು ನೀರಿನ ಆವಿಗೆ ೩೭೦ ಲೀಟರಿನಷ್ಟು ಜಾಗ ಬೇಕು! ಆ ಆವಿಯು ಉಳಿದ ಬಿಸಿನೀರನ್ನೂ ನೂಕಿಕೊಂಡು ಮುಖಕ್ಕೆ ಎರಚುವುದು. ಎಂಜಿನ್ನು ನಿಂತು, ಮೇಲಿನ ಹೋಸನ್ನು ಬರಿಗೈಯಲ್ಲಿ ಹಿಡಿಯಲು ಸಾಧ್ಯವಾಗುವಷ್ಟು ಆರಿದ ಮೇಲೆಯೇ ಮುಚ್ಚಳಕ್ಕೆ ಕೈಹಾಕತಕ್ಕದ್ದು. ಅಂತೆಯೇ, ಕಾದ ಎಂಜಿನ್ನಿಗೆ ತಣ್ಣೀರು ಸುರಿಯುವುದೂ ಅಪಾಯಕರ. ಲೋಹದ ಒಂದು ಭಾಗ ಒಮ್ಮೆಲೆ ಕುಗ್ಗಿ ಬಿರುಕು ಬಿಡಬಹುದು.

ಬಣ್ಣ ನೋಡಿ ದೋಷ ತಿಳಿಯುವುದು

ತಣ್ಣಗಾದ ಎಂಜಿನ್ನಿನಿಂದ ಸ್ವಲ್ಪ ಶೀತಕವನ್ನು ಗಾಜಿನ ಜಾಡಿಗೆ ತೆಗೆದು ಒಂದು ರಾತ್ರಿ ಅಲುಗಾಡಿಸದೆ ಇಡಬೇಕು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಮಾಡುವ ಗುಣಾತ್ಮಕ ವಿಶ್ಲೇಷಣೆಗೂ ಇದಕ್ಕೂ ಹೆಚ್ಚಿನ ಭೇದವಿಲ್ಲ.

ತಳದಲ್ಲಿ ಕೆಂಗಂದು ಪುಡಿ ಇಳಿದಿದ್ದರೆ ಅದು ತುಕ್ಕು. ಶೀತಕದ ನಿರೋಧಕ ಲವಣಗಳು ಮುಗಿದು ಹೋಗಿವೆ, ಅಥವಾ ಗಾಡಿಯಲ್ಲಿ ಬರಿಯ ನೀರೇ ಓಡಾಡುತ್ತಿದೆ ಎಂದರ್ಥ. ಗ್ಲೈಕಾಲು ಹಳೆಯದಾದಂತೆ ಗಾಳಿಯ ಆಮ್ಲಜನಕದೊಡನೆ ಕೂಡಿ ಆಮ್ಲಗಳಾಗುವುದು. ಹೊಸ ಶೀತಕವು ಪ್ರತ್ಯಾಮ್ಲೀಯವಾಗಿರುವುದರಿಂದ, ನೀಲಿ ಲಿಟ್ಮಸ್ ಕಾಗದ ಅದರಲ್ಲಿ ಕೆಂಪಾದರೆ ಶೀತಕದ ಆಯುಸ್ಸು ತೀರಿತೆಂದೇ ತಿಳಿಯಬೇಕು. ಕಬ್ಬಿಣ, ಅಲ್ಯೂಮಿನಿಯಂ, ತಾಮ್ರಗಳಂಥ ಬೇರೆ ಬೇರೆ ಲೋಹಗಳು ಆಮ್ಲೀಯ ದ್ರವದಲ್ಲಿ ಒಟ್ಟಿಗೆ ಮುಳುಗಿದರೆ ಅದು ಒಂದು ವಿದ್ಯುತ್ಕೋಶವೇ ಅಲ್ಲವೆ? ವೋಲ್ಟ್‌ಮೀಟರಿನ ಒಂದು ತಂತಿಯನ್ನು ಬ್ಯಾಟರಿಯ ಋಣಧ್ರುವಕ್ಕೂ ಇನ್ನೊಂದನ್ನು ಲೋಹಕ್ಕೆ ತಗಲದಂತೆ ಶೀತಕದೊಳಕ್ಕೂ ಹಿಡಿದು ನೋಡುವ ಪರೀಕ್ಷೆಯೊಂದುಂಟು. ೦.೩ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಲೋಹದ ಸವೆತದ ಬಗೆಗೆ ಸಂದೇಹಪಡಬೇಕು.

ಬಿಳಿಯ ಚಕ್ಕೆಗಳಿದ್ದರೆ ಅವನ್ನು ತೊಳೆದು ಒಣಗಿಸಿ ಮೇಲೆ ವಿನೆಗರಿನ ಹನಿಯನ್ನು ಬಿಡಬೇಕು. ಬುರುಗು ಬಂದರೆ ಅದು ಗಡಸುನೀರಿನ ಸುಣ್ಣ.

ಅಂಟಂಟಾದ ಗಂಜಿಯಂಥ ವಸ್ತುವಿದ್ದರೆ, ಎರಡು ಬಗೆಯ ಶೀತಕಗಳು ಬೆರೆತಿರುವ ಸಂಭವವುಂಟು. ಹಳೆಯ ಬಗೆಯವುಗಳಲ್ಲಿ ಸಿಲಿಕೇಟು, ಫಾಸ್ಫೇಟುಗಳೂ ಹೊಸ ಬಗೆಯವುಗಳಲ್ಲಿ ಕಾರ್ಬನಿಕ ಆಮ್ಲಗಳ ಲವಣಗಳೂ ತುಕ್ಕನ್ನು ತಡೆಯುತ್ತವೆ. ಎರಡೂ ಕೂಡಿದಾಗ ನಿರೋಧಕಶಕ್ತಿ ಕುಂದುವುದು, ಕೆಲವೊಮ್ಮೆ ದ್ರವ ಗಟ್ಟಿಯಾಗುವುದು. ಹಸುರು, ಕಿತ್ತಳೆ, ಗುಲಾಬಿ ಬಣ್ಣಗಳು ತಯಾರಕರು ಬೆರೆಸಿದ ಬಣ್ಣಗಳು ಮಾತ್ರ. ಬಣ್ಣ ಒಂದೇ ಎಂದ ಮಾತ್ರಕ್ಕೆ ರಸಾಯನ ಒಂದೇ ಅಲ್ಲ. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯು ೧೯೯೬ರ ಮಾದರಿಗಳಿಂದ ಡೆಕ್ಸ್‌ಕೂಲ್ ಎಂಬ ಕಿತ್ತಳೆ ಬಣ್ಣದ ದೀರ್ಘಾಯು ಶೀತಕವನ್ನು ತನ್ನ ಗಾಡಿಗಳಲ್ಲಿ ತುಂಬಲು ತೊಡಗಿತು. ಕೆಲವು ಗಾಡಿಗಳಲ್ಲಿ, ವಿಶೇಷವಾಗಿ ಮಟ್ಟ ಇಳಿದು ಒಳಗೆ ಗಾಳಿ ಸೇರಿದವುಗಳಲ್ಲಿ, ಕಂದುಬಣ್ಣದ ಕೆಸರು ಕಟ್ಟಿತು. ಮಾಲೀಕರು ನ್ಯಾಯಾಲಯಕ್ಕೆ ಹೋದರು. ೨೦೦೮ರಲ್ಲಿ ಕಂಪನಿ ರಾಜಿಯಾಗಿ ಪರಿಹಾರ ಕೊಡಲು ಒಪ್ಪಿತು. ಬಹುಕಾಲ ಬಾಳುವ ಶೀತಕವಾದರೂ ಅದರ ಮಟ್ಟವನ್ನು ಆಗಾಗ ನೋಡುವ ಹೊಣೆ ತಪ್ಪದು.

ಕೊನೆಯದಾಗಿ, ಜಾಡಿಯಲ್ಲಿರುವುದು ಹಾಲು ಬೆರೆಸಿದ ಕಾಫಿಯಂತೆ ಕಂಡರೆ, ಅಥವಾ ಮೇಲೆ ಜಿಡ್ಡು ತೇಲಿದರೆ, ಎಣ್ಣೆ ಸೇರಿದೆ. ನೀರೂ ಎಣ್ಣೆಯೂ ಸ್ವಭಾವತಃ ಬೆರೆಯವು. ಆದರೆ ಪಂಪು ಅವನ್ನು ಮೊಸರು ಕಡೆಯುವಂತೆ ನಿಮಿಷಕ್ಕೆ ಸಾವಿರಾರು ಸುತ್ತು ಕಡೆಯುವುದರಿಂದ ಎಣ್ಣೆಯು ಅತಿ ಸಣ್ಣ ಹನಿಗಳಾಗಿ ನೀರಿನಲ್ಲಿ ಹರಡಿ ನಿಲ್ಲುವುದು. ಕೆನೆಯ ಕಂದು ಬಣ್ಣವಿದ್ದರೆ ಅದು ಎಂಜಿನ್ ಆಯಿಲ್. ಗುಲಾಬಿ ಬಣ್ಣದ ಹಾಲಿನಂತಿದ್ದರೆ ಅದು ತಾನೇ ಗೇರು ಬದಲಿಸುವ ಗಾಡಿಗಳ ಗೇರುಪೆಟ್ಟಿಗೆಯ ಕೆಂಪೆಣ್ಣೆ. ಅಂಥ ಅನೇಕ ಗಾಡಿಗಳಲ್ಲಿ ಆ ಎಣ್ಣೆಯನ್ನು ತಂಪುಮಾಡುವ ಕೊಳವೆ ರೇಡಿಯೇಟರಿನ ತೊಟ್ಟಿಯ ಒಳಗೇ ಇರುತ್ತದೆ. ಅದು ಬಿರಿದರೆ ಎರಡೂ ದ್ರವಗಳು ಕೂಡುತ್ತವೆ. ಅಮೆರಿಕದಲ್ಲಿ ಮಾರಾಟವಾದ ೨೦೦೫ರಿಂದ ೨೦೧೦ರವರೆಗಿನ ಮಾದರಿಗಳ ನಿಸ್ಸಾನ್ ಪಾತ್‌ಫೈಂಡರ್, ಎಕ್ಸ್‌ಟೆರಾ, ಫ್ರಾಂಟಿಯರ್ ಗಾಡಿಗಳಲ್ಲಿ ಇದೇ ದೋಷ ಕಾಣಿಸಿಕೊಂಡು, ಕಂಪನಿಯು ರೇಡಿಯೇಟರಿನ ಖಾತರಿಯ ಅವಧಿಯನ್ನು ಹೆಚ್ಚಿಸಬೇಕಾಯಿತು. ಇಲ್ಲಿ ಹಾನಿ ಹೆಚ್ಚಾಗಿ ಆಗುವುದು ಗೇರುಪೆಟ್ಟಿಗೆಗೆ. ನೀರು ಸೇರಿದರೆ ಅದರ ಘರ್ಷಣ ಬಿಲ್ಲೆಗಳ ಅಂಟು ಬಿಡುವುದು.

ಒತ್ತಡದ ನಿಯಮ

ಎಂಜಿನ್ ಆಯಿಲ್ ಶೀತಕಕ್ಕೆ ಬಂದಿದೆಯೆಂದ ಮಾತ್ರಕ್ಕೆ ಹೆಡ್ ಗ್ಯಾಸ್ಕೆಟ್ ಹೋಯಿತೆಂದು ತೀರ್ಮಾನಿಸಬಾರದು. ದ್ರವವು ಯಾವಾಗಲೂ ಹೆಚ್ಚು ಒತ್ತಡದ ಕಡೆಯಿಂದ ಕಡಿಮೆ ಒತ್ತಡದ ಕಡೆಗೆ ಹರಿಯುವುದೆಂಬ ನಿಯಮವನ್ನು ಇಲ್ಲಿ ನೆನೆಯಬೇಕು. ಎಂಜಿನ್ನು ಓಡುತ್ತಿರುವಾಗ ಅದರಲ್ಲಿ ಮೂರು ಪ್ರತ್ಯೇಕ ಒತ್ತಡಗಳಿವೆ. ಶೀತಕದಲ್ಲಿ ವಾಯುಭಾರಕ್ಕಿಂತ ಹೆಚ್ಚಾಗಿ ಸುಮಾರು ಒಂದು ವಾಯುಭಾರ. ಎಣ್ಣೆಯ ಕಾಲುವೆಗಳಲ್ಲಿ ಸುಮಾರು ಮೂರು, ನಾಲ್ಕು. ಶ್ರಮಪಡುತ್ತಿರುವ ಎಂಜಿನ್ನಿನ ಸಿಲಿಂಡರಿನಲ್ಲಿ ಇಂಧನ ಉರಿಯುವ ಕ್ಷಣದಲ್ಲಿ ಐವತ್ತರ ಸುಮಾರು.

ಎಣ್ಣೆಯನ್ನು ತಂಪುಮಾಡುವ ಪುಟ್ಟ ಉಪಕರಣವೊಂದು ಅನೇಕ ಎಂಜಿನ್ನುಗಳಲ್ಲಿದೆ. ಅದರಲ್ಲಿ ಎಣ್ಣೆಯನ್ನೂ ಶೀತಕವನ್ನೂ ಬೇರ್ಪಡಿಸುವುದು ಒಂದು ತೆಳು ತಗಡು. ಅದು ತೂತಾದರೆ ಎಂಜಿನ್ನು ಓಡುವಾಗ ಎಣ್ಣೆಯು ಶೀತಕಕ್ಕೆ ನುಗ್ಗುವುದು, ಶೀತಕ ಎಣ್ಣೆಗೆ ಹೋಗದು. ಆದುದರಿಂದ ಶೀತಕದಲ್ಲಿ ಎಣ್ಣೆಯಿದ್ದು, ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆ ಇನ್ನೂ ನಿರ್ಮಲವಾಗಿದ್ದರೆ, ಸಂದೇಹ ಮೊದಲು ಈ ಉಪಕರಣದ ಮೇಲೆ ಬೀಳಬೇಕು. ಎಂಜಿನ್ನು ನಿಂತ ಕೂಡಲೆ ಎಣ್ಣೆಯ ಒತ್ತಡ ಶೂನ್ಯಕ್ಕೆ ಇಳಿಯುವುದು, ಬಿಸಿ ಶೀತಕದ ಒತ್ತಡವಾದರೋ ಸ್ವಲ್ಪ ಹೊತ್ತು ಉಳಿಯುವುದು. ಆಗ ಹರಿವಿನ ದಿಕ್ಕು ತಿರುಗುಮುರುಗಾಗುವುದು. ಹೀಗೆ ದಿನಗಳು ಕಳೆದರೆ ಎಣ್ಣೆಯೂ ಹಾಲಾಗುವುದು. ನೀರು ಸೇರಿದ ಎಣ್ಣೆ ಬೇರಿಂಗುಗಳನ್ನು ಕಾಪಾಡಲಾರದು. ಆ ಸ್ಥಿತಿಯಲ್ಲಿ ಗಾಡಿಯನ್ನು ಓಡಿಸಲೇಬಾರದು. ಆದರೆ ಡಿಪ್‌ಸ್ಟಿಕ್ಕು ಶುದ್ಧವಾಗಿದ್ದು ಎಣ್ಣೆ ತುಂಬುವ ಮುಚ್ಚಳದ ಅಡಿಯಲ್ಲಿ ಮಾತ್ರ ಸ್ವಲ್ಪ ಕೆನೆಯಿದ್ದರೆ ಗಾಬರಿ ಬೇಡ. ಚಳಿಗಾಲದಲ್ಲಿ ಹತ್ತಿರದ ಓಡಾಟವನ್ನಷ್ಟೇ ಮಾಡುವ ಗಾಡಿಗಳಲ್ಲಿ ಗಾಳಿಯ ತೇವವೇ ಅಲ್ಲಿ ಸಾಂದ್ರೀಕರಿಸುವುದುಂಟು.

ಸಿಲಿಂಡರಿಗೂ ಶೀತಕಕ್ಕೂ ನಡುವಿನ ಹೆಡ್ ಗ್ಯಾಸ್ಕೆಟ್ ಬಿಟ್ಟುಕೊಂಡರೆ ಅಲ್ಲಿಂದ ಬರುವುದು ಎಣ್ಣೆಯಲ್ಲ, ಹೊಗೆ. ತಣ್ಣಗಿದ್ದ ಎಂಜಿನ್ನನ್ನು ಚಾಲೂ ಮಾಡಿದ ಒಂದೆರಡು ನಿಮಿಷಗಳಲ್ಲಿಯೇ ಮೇಲಿನ ಹೋಸು ಗಟ್ಟಿಯಾಗಿ ಉಬ್ಬಿದರೆ, ಅದು ಶಾಖದಿಂದಾದ ಒತ್ತಡವಲ್ಲ. ಏತಕ್ಕೆಂದರೆ ಶಾಖ ಇನ್ನೂ ಬಂದಿಲ್ಲ. ಶೀತಕದಲ್ಲಿ ಗುಳ್ಳೆಗಳು ನಿಲ್ಲದೆ ಏಳುತ್ತಿದ್ದು, ಎಂಜಿನ್ನಿನ ವೇಗ ಹೆಚ್ಚಿಸಿದಾಗ ಅವೂ ಹೆಚ್ಚಾದರೆ ಸಂದೇಹ ಬಲವಾಗುವುದು. ಇದನ್ನು ನಿಶ್ಚಯಿಸಲು ಮೆಕ್ಯಾನಿಕ್ಕುಗಳು ಬಳಸುವ ಉಪಾಯ ರಸಾಯನ ವಿದ್ಯಾರ್ಥಿಗಳಿಗೆ ಪರಿಚಿತವಾದುದೇ. ಬ್ರೋಮೋಥೈಮಾಲ್ ಬ್ಲೂ ಎಂಬ ಸೂಚಕದ ನೀಲಿ ದ್ರಾವಣದೊಳಕ್ಕೆ ಕೊಳವೆಯಿಂದ ಉಸಿರು ಊದಿದರೆ, ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡು ಅದನ್ನು ಹಳದಿಯಾಗಿಸುವುದಷ್ಟೆ. ರೇಡಿಯೇಟರಿನ ಬಾಯಲ್ಲಿ ಶೀತಕದ ಮೇಲಿರುವ ಗಾಳಿಯನ್ನು ಇಂಥ ದ್ರಾವಣದ ಮೂಲಕ ಎಳೆದು ನೋಡುವರು. ಒಳಗೆ ಹೊಗೆ ಬರುತ್ತಿದ್ದರೆ ನೀಲಿ ಹಳದಿಯಾಗುವುದು. ಇದಲ್ಲದೆ, ನಿಂತ ಎಂಜಿನ್ನಿನ ರೇಡಿಯೇಟರಿಗೆ ಕೈಪಂಪಿನಿಂದ ಒಂದು ವಾಯುಭಾರದಷ್ಟು ಗಾಳಿ ಹಾಕಿ ಹತ್ತು ಹದಿನೈದು ನಿಮಿಷ ಮುಳ್ಳನ್ನು ನೋಡುವ ಕ್ರಮವೂ ಇದೆ. ಮುಳ್ಳು ಇಳಿಯುತ್ತ ಬಂದು ಹೊರಗೆ ಎಲ್ಲಿಯೂ ಒದ್ದೆ ಕಾಣದಿದ್ದರೆ ಸೋರಿಕೆ ಒಳಗಡೆ ಇದೆ.

ತೊಳೆಯುವ ಲೆಕ್ಕ

ಕಾರಣ ತಿಳಿದು, ಕೆಟ್ಟ ಭಾಗವನ್ನು ಬದಲಿಸಿದ ಮೇಲೆ ತೊಳೆಯುವ ಸರದಿ. ಈ ಕ್ರಮವನ್ನು ಹಿಂದುಮುಂದು ಮಾಡಿದರೆ ಮತ್ತೆ ಒಂದು ವಾರದಲ್ಲಿ ಹೊಸ ಶೀತಕವೂ ಕಾಫಿಯಾಗುವುದು.

ರೇಡಿಯೇಟರಿನ ಅಡಿಯ ಬಿರಡೆಯನ್ನು ತೆರೆದರೆ ಶೀತಕವೆಲ್ಲ ಹೊರಗೆ ಬರುವುದಿಲ್ಲ. ಒಟ್ಟು ೬ ಲೀಟರಿನಲ್ಲಿ ೪ ಲೀಟರು ಬಂದು, ೨ ಲೀಟರು ಎಂಜಿನ್ನಿನ ಟೊಳ್ಳುಗಳಲ್ಲಿ ಉಳಿಯುವುದೆನ್ನೋಣ. ೪ ಲೀಟರು ಶುದ್ಧಜಲ ತುಂಬಿ, ಓಡಿಸಿ, ಆರಿಸಿ, ಬಸಿದರೆ, ಒಂದು ಸುತ್ತಿಗೆ ಕಲ್ಮಷದಲ್ಲಿ ಮೂರನೆಯ ಒಂದು ಪಾಲು ಉಳಿಯುವುದು. ಎರಡು ಸುತ್ತಿಗೆ ಒಂಬತ್ತನೆಯ ಒಂದು, ಮೂರಕ್ಕೆ ಇಪ್ಪತ್ತೇಳನೆಯ ಒಂದು, ಐದಕ್ಕೆ ಇನ್ನೂರನಲವತ್ತಮೂರನೆಯ ಒಂದು ಪಾಲು. ಒಂದೇ ಸಲ ತೊಳೆದು ಕೈಬಿಟ್ಟರೆ ಸಾಲದೆಂಬುದೂ, ಐದು ಸಲ ತೊಳೆದರೆ ನೂರಕ್ಕೆ ಅರ್ಧಪಾಲೂ ಉಳಿಯದೆಂಬುದೂ ಇದರಿಂದ ಸ್ಪಷ್ಟವಾಗುವುದು. ಸಾಬೂನು ಹಾಕಿದ ಬಟ್ಟೆಯನ್ನು ನಮ್ಮ ತಾಯಂದಿರು ಒಂದೇ ಬಕೀಟಿನಲ್ಲಿ ಅದ್ದದೆ ಮೂರು ನಾಲ್ಕು ನೀರಿನಲ್ಲಿ ಜಾಲಿಸುವುದೂ ಈ ಗಣಿತದಂತೆಯೇ.

ಪ್ರತಿ ಸುತ್ತಿನಲ್ಲಿಯೂ ಗಮನಿಸಬೇಕಾದ ಅಂಶಗಳು ಕೆಲವು. ಥರ್ಮೋಸ್ಟಾಟ್ ತೆರೆಯುವವರೆಗೆ ಎಂಜಿನ್ನನ್ನು ಓಡಿಸಬೇಕು, ಇಲ್ಲವಾದರೆ ನೀರು ರೇಡಿಯೇಟರಿಗೇ ಬಾರದು. ಕೆಲವರು ತೊಳೆಯುವ ಕಾಲಕ್ಕೆ ಅದನ್ನು ಬಿಚ್ಚಿಯೇ ಇಡುವರು. ಗಾಡಿಯ ಒಳಗನ್ನು ಬೆಚ್ಚಗಿಡುವ ಹೀಟರನ್ನು ಪೂರ್ತಿ ತೆರೆದಿಡಬೇಕು. ನಮ್ಮಲ್ಲಿ ಹೀಟರನ್ನು ಬಳಸುವವರು ಅಪರೂಪ. ಆದುದರಿಂದಲೇ ಅದರ ಸಣ್ಣ ನಳಿಗೆಗಳಲ್ಲಿ ಕೊಳೆ ಕುಳಿತಿರುವ ಸಂಭವ ಹೆಚ್ಚು. ರೇಡಿಯೇಟರಿನ ನಳಿಗೆಗಳ ಬಾಯಲ್ಲಿ ಕಸವು ಹರಿವಿನ ದಿಕ್ಕಿನಲ್ಲಿ ಬಂದು ಸಿಕ್ಕಿಕೊಂಡಿರುವುದರಿಂದ, ಅದನ್ನು ಹೊರಡಿಸಲು ನೀರನ್ನು ಎದುರು ದಿಕ್ಕಿನಲ್ಲಿ, ಹೊರಬಾಯಿಯಿಂದ ಒಳಬಾಯಿಗೆ, ಹಾಯಿಸುವುದು ಲೇಸು. ಒತ್ತಡ ಮಾತ್ರ ಮೃದುವಾಗಿರಬೇಕು. ಹೆಚ್ಚಾದರೆ ನಳಿಗೆಯೇ ಬಿರಿಯುವುದು.

ಮೇಲಿನ ಲೆಕ್ಕ ನೀರಿನಲ್ಲಿ ಬೆರೆತ ಕಲ್ಮಷಕ್ಕೆ ಸಲ್ಲುವುದೇ ಹೊರತು ಗೋಡೆಗೆ ಅಂಟಿದ ಕಲ್ಮಷಕ್ಕಲ್ಲ. ಜಿಡ್ಡಿನ ಪಾತ್ರೆಗೆ ಬರಿಯ ನೀರನ್ನು ಹತ್ತು ಸಲ ಸುರಿದರೂ ಜಿಡ್ಡು ಹೋಗದಷ್ಟೆ. ಮಾರ್ಜಕದ ಅಣುವಿನ ಒಂದು ತುದಿ ನೀರನ್ನೂ ಇನ್ನೊಂದು ತುದಿ ಎಣ್ಣೆಯನ್ನೂ ಹಿಡಿಯುವುದರಿಂದ ಎಣ್ಣೆ ಸೇರಿದ ವ್ಯವಸ್ಥೆಗೆ ಅದು ಅಗತ್ಯ. ಆದರೆ ನೊರೆ ಹೆಚ್ಚು ಬರುವ ಪುಡಿ ಪ್ರಯೋಜನವಿಲ್ಲ. ನೊರೆಯೆಂದರೆ ಗಾಳಿ, ಗಾಳಿಯನ್ನು ಪಂಪು ನೂಕಲಾರದು, ಅದು ಶಾಖವನ್ನೂ ಒಯ್ಯಲಾರದು. ಇದಕ್ಕೆಂದೇ ದೊರೆಯುವ, ನೊರೆ ಬಾರದ ಮಾರ್ಜಕವನ್ನು ಬಿಸಿನೀರಿನೊಡನೆ ಹೇಳಿದಷ್ಟೇ ಹೊತ್ತು ಓಡಿಸಿ, ಆಮೇಲೆ ನೀರು ತಿಳಿಯಾಗುವವರೆಗೆ ಜಾಲಿಸಬೇಕು. ತೀಕ್ಷ್ಣ ಪ್ರತ್ಯಾಮ್ಲಗಳು ಅಲ್ಯೂಮಿನಿಯಮ್ಮನ್ನು ಕೊರೆಯುವುದರಿಂದ ಅವನ್ನು ಒಳಗೆ ಉಳಿಯಗೊಡಬಾರದು. ಸುಣ್ಣದ ಪೊರೆಗೆ ಸಿಟ್ರಿಕ್ ಆಮ್ಲದಂಥ ದುರ್ಬಲ ಆಮ್ಲ ಸಾಕು. ಬಚ್ಚಲು ತೊಳೆಯುವ ಹೈಡ್ರೊಕ್ಲೋರಿಕ್ ಆಮ್ಲವನ್ನು ಹಾಕಿದರೆ ಪೊರೆಯೊಡನೆ ಎಂಜಿನ್ನೂ ಕರಗತೊಡಗುವುದು. ಎಣ್ಣೆಯಲ್ಲಿ ನೆನೆದ ರಬ್ಬರು ಹೋಸುಗಳು ಉಬ್ಬಿ ಮೆತ್ತಗಾಗುತ್ತವೆ; ಅವನ್ನು ತೊಳೆದು ಫಲವಿಲ್ಲ, ಬದಲಿಸಬೇಕು.

ಮತ್ತೆ ತುಂಬುವಾಗ

ಕೊನೆಯ ಸುತ್ತಿನಲ್ಲಿ ಬಟ್ಟಿಯಿಳಿಸಿದ ನೀರನ್ನೇ ಬಳಸಬೇಕು. ಅದನ್ನು ಬಸಿದ ಮೇಲೂ ೨ ಲೀಟರು ನೀರು ಒಳಗೇ ಇದೆಯೆಂಬುದನ್ನು ಮರೆಯಬಾರದು. ಅರ್ಧಕ್ಕರ್ಧ ಬೆರೆಸಿ ಮಾರುವ ಶೀತಕವನ್ನು ೪ ಲೀಟರು ಸುರಿದರೆ ಗ್ಲೈಕಾಲು ೬ಕ್ಕೆ ೨ ಪಾಲು ಮಾತ್ರವಾಗುವುದು. ಬದಲಾಗಿ ನೀರು ಬೆರೆಸದ ೩ ಲೀಟರು ಶೀತಕವನ್ನು ಮೊದಲು ಸುರಿದು, ಆಮೇಲೆ ೧ ಲೀಟರು ಬಟ್ಟಿಯಿಳಿಸಿದ ನೀರು ಹಾಕಿದರೆ ಸಮಪಾಲಾಗುವುದು. ಯಾವ ಬಗೆಯ ಶೀತಕವೆಂಬುದನ್ನು ಗಾಡಿಯ ಕೈಪಿಡಿ ನೋಡಿ ನಿರ್ಧರಿಸಬೇಕು. ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಹೊರಡಿಸಿ, ಒಂದೆರಡು ದಿನ ಓಡಿಸಿದ ಮೇಲೆ ತಣ್ಣಗಿರುವಾಗ ಮಟ್ಟವನ್ನು ಮತ್ತೆ ನೋಡಬೇಕು. ಹದಿನೈದು ದಿನಗಳ ಅನಂತರ ಜಾಡಿಯ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿದರೆ, ದೋಷವು ನಿಜವಾಗಿ ನಿವಾರಣೆಯಾಯಿತೇ ಎಂಬುದು ತಿಳಿಯುವುದು.

ಬಸಿದ ದ್ರವದ ಮಾತು ಇನ್ನೂ ಉಳಿದಿದೆ. ಎಥಿಲೀನ್ ಗ್ಲೈಕಾಲು ರುಚಿಗೆ ಸಿಹಿ, ದೇಹಕ್ಕೆ ವಿಷ. ದೇಹದಲ್ಲಿ ಅದು ಆಕ್ಸಾಲಿಕ್ ಆಮ್ಲವಾಗಿ ಮಾರ್ಪಟ್ಟು, ಕ್ಯಾಲ್ಸಿಯಮ್ಮಿನೊಡನೆ ಕೂಡಿ, ಮೂತ್ರಪಿಂಡದಲ್ಲಿ ಹರಳುಗಟ್ಟುವುದು. ಬೀದಿಯಲ್ಲಿ ಚೆಲ್ಲಿದರೆ ನಾಯಿಯೋ ದನವೋ ನೆಕ್ಕುವುದು. ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಟ್ಟರೆ ಮಗುವಿನ ಕೈಗೆ ಸಿಕ್ಕುವುದು. ಯಾರಾದರೂ ಕುಡಿದರೆಂದು ತಿಳಿದರೆ ಲಕ್ಷಣಗಳಿಗಾಗಿ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಬಸಿದುದನ್ನು ಗುರುತು ಬರೆದ ಡಬ್ಬಿಯಲ್ಲಿ ಮುಚ್ಚಿಟ್ಟು, ಬಳಸಿದ ಎಣ್ಣೆ ಮೊದಲಾದುವನ್ನು ಸಂಗ್ರಹಿಸಿ ವಿಲೇವಾರಿ ಮಾಡುವ ಗ್ಯಾರೇಜಿಗೆ ಒಪ್ಪಿಸುವುದು ಯೋಗ್ಯ.

ಇಷ್ಟೆಲ್ಲ ಕೆಲಸಕ್ಕೆ ಬೇಕಾದ ಜ್ಞಾನ ಯಾವುದು? ಒತ್ತಡಕ್ಕೂ ಕುದಿಬಿಂದುವಿಗೂ ಇರುವ ಸಂಬಂಧ, ಉಷ್ಣವಾಹಕತೆ, ಸೂಚಕದ ಬಣ್ಣ, ಒಂದು ಗುಣೋತ್ತರ ಶ್ರೇಢಿ. ಇವೆಲ್ಲವೂ ಪಠ್ಯಪುಸ್ತಕದಲ್ಲಿರುವುವೇ. ವಿದ್ಯಾರ್ಥಿಗಳು ಮುಂದಿನ ಸಲ ತಮ್ಮ ಮನೆಯ ಅಥವಾ ನೆರೆಮನೆಯ ಕಾರಿನ ಶೀತಕ ಕಂದಾಗಿದೆಯೆಂದು ಕೇಳಿದಾಗ, ಅದನ್ನು ಚೆಲ್ಲುವ ಮೊದಲು ಒಂದು ಜಾಡಿಯಷ್ಟನ್ನು ತೆಗೆದಿರಿಸಲು ಹೇಳಲಿ. ಆ ಒಂದು ಜಾಡಿಯ ಪರೀಕ್ಷೆಯಿಂದ ಒಂದು ಎಂಜಿನ್ನು ಉಳಿಯಬಹುದು.